ಹುಸೇನ್‌ಬೀ ಹಾಕದ ನೀರು

ಸೋಮವಾರ ಬೆಳಗ್ಗೆ ಬಚ್ಚಲಿನಿಂದ ಎದ್ದ ಕೂಗಿಗೆ ಅಂಬಮ್ಮನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಬೀಳುವ ಬದಲು ಒಲೆಯ ಬೂದಿಯಲ್ಲಿ ಬಿತ್ತು. ಕೂಗಿದ್ದು ಅವಳ ಒಂದೂವರೆ ವರ್ಷದ ಮಗ ಆದೆಪ್ಪ. ಅವನಿಗಿಂತ ಜೋರಾಗಿ ಕೂಗಿದ್ದು ಅವಳ ಅತ್ತೆ ಪಂಪಮ್ಮ.

"ಏ ಅಂಬವ್ವಾ! ನಿನ್ನ ನೌಕರಿ ಏನ ಮಾಡೇತಿ ನೋಡ ಬಾ ಇಲ್ಲಿ!"

ಅಂಬಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು. ಕೂಸು ಅಜ್ಜಿಯ ಕಾಲ ಮೇಲೆ ಬೋರಲಾಗಿ ಬಿದ್ದು ಒದ್ದಾಡುತ್ತಿತ್ತು. ಪಂಪಮ್ಮ ಹಾಕಿದ್ದು ಒಂದೇ ತಂಬಿಗೆ ನೀರು. ತೊಡೆ ಸಂದಿಯಿಂದ ಕುಂಡಿಯವರೆಗೆ ಚರ್ಮ ಕೆಂಪೇರಿ, ಎರಡು ಕಡೆ ಸುಲಿದು ಹಸಿ ಹುಣ್ಣಾಗಿತ್ತು. ಕತ್ತಿನ ಮಡಿಕೆಯಲ್ಲಿ ಕಪ್ಪು ಕೊಳೆ ಗೆರೆಗಟ್ಟಿತ್ತು. ಎರಡು ದಿನದ ಹಿಂದೆ ದೀಪದ ಬೆಳಕಿನಲ್ಲಿ ಲಂಗೋಟಿ ಬದಲಿಸುವಾಗ ಅಲ್ಲಿ ಕೆಂಪಗಾಗಿದ್ದನ್ನು ಅಂಬಮ್ಮ ಕಂಡಿದ್ದಳು. ಬೇಸಿಗೆಯ ಬೆವರುಗುಳ್ಳೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ಈಗ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

"ನನ್ನ ಸಾವ್ಕಾರನ ಮೈ ನೋಡು! ಹುಣ್ಣು ಬಿದ್ದು ಹೋಗ್ಯಾವು," ಎಂದಳು ಪಂಪಮ್ಮ. ಮೊಮ್ಮಗನಿಗೆ ಇಟ್ಟಿದ್ದು ತೀರಿಹೋದ ಗಂಡನ ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಆಡುವ ಹೆಂಗಸಲ್ಲ ಅವಳು, ಅದಕ್ಕೇ ಕೂಸು ಅವಳ ಪಾಲಿಗೆ ಹುಟ್ಟಿದಾಗಿನಿಂದಲೂ ಸಾವ್ಕಾರನೇ. "ಆ ಕೂಸಿನ ಸಾಲ್ಯಾಗ ದಿನಾ ಜಳಕ ಮಾಡಸ್ತಾರಂದಿ. ಇದೇನ ಜಳಕ? ಹೋಗಿ ಇವತ್ತ ತೀರಿಸಿ ಬಾ. ಇಲ್ಲಂದ್ರ ನಾಳಿಂದ ಕೂಸೂ ಮನ್ಯಾಗ, ನೀನೂ ಮನ್ಯಾಗ. ನೌಕರಿ ಸಾಕು!"

ನೌಕರಿ ಸಾಕು ಅಂದರೆ ಅಂಬಮ್ಮನ ಜೀವವೇ ಸಾಕು ಅಂದ ಹಾಗೆ. ಅವಳು ಗದಗಿನ ಕಡೆಯ ಹೆಣ್ಣು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮದುವೆಯಾಗಿ ಸಿಂಧನೂರಿಗೆ ಬಂದಾಗ ಇಲ್ಲಿ ನಿಜಾಮರ ಕಾಲ, ಸಾಲೆ ಕಚೇರಿಯೆಲ್ಲ ಉರ್ದು. ಕಲಿತ ಕನ್ನಡ ಅಂಗಡಿಯ ಸಾಮಾನಿನ ಚೀಟಿ ಬರೆಯುವುದಕ್ಕಷ್ಟೇ ಬರುತ್ತಿತ್ತು. ಆ ಕಾಲ ಹೋಗಿ, ಊರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಸಾಲೆ ತೆರೆದು, ಓದು ಬಲ್ಲ ಹೆಂಗಸು ಯಾರಿದ್ದಾರೆ ಎಂದು ಹುಡುಕಿಕೊಂಡು ಬಂದವರು ನೇರ ಇವರ ಕಿರಾಣಿ ಅಂಗಡಿಯ ಮುಂದೆ ನಿಂತಿದ್ದರು. ಅದಾಗಿ ನಾಲ್ಕು ತಿಂಗಳು. ಎರಡನೆಯ ಜಮಾತಿನಲ್ಲಿ ಮೂವತ್ತೆಂಟು ಹುಡುಗಿಯರು ಅವಳನ್ನು ಅಕ್ಕೋರೇ ಎಂದು ಕರೆಯುತ್ತಿದ್ದರು. ಒಬ್ಬೊಬ್ಬಳು ತನ್ನ ಹೆಸರನ್ನು ತಾನೇ ಬರೆದು ಪಾಟಿ ಎತ್ತಿ ತೋರಿಸಿದಾಗ ಅಂಬಮ್ಮನಿಗೆ ಕುಣಿಯಬೇಕು ಅನ್ನಿಸುತ್ತಿತ್ತು. ಒಂದು ದಿನ ಬಾಗಿಲು ಹಾಕಿಕೊಂಡು ನಿಜಕ್ಕೂ ಎರಡು ಹೆಜ್ಜೆ ಕುಣಿದಿದ್ದಳು, ಯಾರಿಗೂ ಹೇಳಿಲ್ಲ.

ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರು ಇರಲಿಲ್ಲ. ಗಂಡ ಕರಿಬಸಪ್ಪ ಅಂಗಡಿಯ ಸಾಮಾನಿಗೆಂದು ವಾರದಲ್ಲಿ ಮೂರು ದಿನ ಲಿಂಗಸುಗೂರು, ಮಸ್ಕಿ ಎಂದು ತಿರುಗುತ್ತಿದ್ದ. ಅವನಿಲ್ಲದಾಗ ಅಂಗಡಿಯಲ್ಲಿ ದುಡ್ಡಿನ ಗಲ್ಲೆಯ ಮುಂದೆ ಕೂಡುವವಳು ಪಂಪಮ್ಮ. ಹೀಗಾಗಿ ಹೆಣ್ಣುಮಕ್ಕಳ ಸಂಘದವರು ಸಾಲೆಯ ಮಗ್ಗುಲಲ್ಲೇ ತೆರೆದಿದ್ದ ಶಿಶುವಿಹಾರಕ್ಕೆ ಕೂಸು ಹೋಗುತ್ತಿತ್ತು. ಊರವರು ಅದನ್ನು ಕೂಸಿನ ಸಾಲಿ ಎನ್ನುತ್ತಿದ್ದರು. ಅಲ್ಲಿ ಹನ್ನೊಂದು ಮಕ್ಕಳು, ನೋಡಿಕೊಳ್ಳಲು ಹುಸೇನ್‌ಬೀ ಎಂಬ ಆಯಾ. ಜಳಕ, ಊಟ, ನಿದ್ದೆ ಎಲ್ಲ ಅಲ್ಲೇ. ಮನೆಯಲ್ಲಿ ಜಳಕ ಸೋಮವಾರ ಮಾತ್ರ, ಅದೂ ಅಜ್ಜಿಯ ಕೈಯಿಂದಲೇ.

ಅಬ್ಬಬ್ಬಾ, ಆ ಹೊತ್ತಿನ ಅಂಬಮ್ಮನನ್ನು ನೋಡಬೇಕಿತ್ತು! ಕೂಸನ್ನು ಒಣ ಧೋತರದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಕುಂಕುಮ ಅರ್ಧ ಅಳಿಸಿದ್ದೂ ತಿಳಿಯದೆ, ಬಜಾರಿನ ನಡುವೆ ದಡದಡ ನಡೆದಳು. ಸಂಘದವರಿಗೆ ಅರ್ಜಿ ಬರೆಯುತ್ತೇನೆ, ಆ ಆಯಾಳನ್ನು ಕೆಲಸದಿಂದ ತೆಗೆಸಿಯೇ ಹಾಕುತ್ತೇನೆ ಎಂದು ದಾರಿಯುದ್ದಕ್ಕೂ ಒಳಗೊಳಗೇ ಅರ್ಜಿಯ ಒಕ್ಕಣೆ ಹೊಂದಿಸಿದಳು.

ಶಿಶುವಿಹಾರದ ಬಾಗಿಲಲ್ಲೇ ಹುಸೇನ್‌ಬೀ ನಿಂತಿದ್ದಳು. ಎತ್ತರದ, ಒಣಕಲು ಹೆಂಗಸು. ಸೊಂಟಕ್ಕೆ ಸೆರಗು ಬಿಗಿದು, ಕೈಯಲ್ಲಿ ತಂಬಿಗೆ ಹಿಡಿದು, ಬೀದಿಯಲ್ಲಿ ಹೋಗುವ ಹೆಂಗಸರ ಮುಖವನ್ನೇ ಒಂದೊಂದಾಗಿ ನೋಡುತ್ತಿದ್ದಳು. ಅರ್ಜಿಯ ಒಕ್ಕಣೆಯೆಲ್ಲ ಅಲ್ಲೇ ಹಾರಿಹೋಯಿತು.

"ಹುಸೇನ್‌ಬೀ! ಇದೇನಿದು? ನಿನಗೂ ಮಕ್ಕಳದಾವೋ ಇಲ್ಲೋ? ಈ ಹುಣ್ಣು ನೋಡು! ಇದನ್ನ ನೋಡಿ ನಿನಗ ಅನ್ನ ಹೆಂಗ ಇಳೀತು?" ಎಂದು ಅಂಬಮ್ಮ ಧೋತರ ಸರಿಸಿ ತೋರಿಸಿದಳು.

ಹುಸೇನ್‌ಬೀ ಹುಣ್ಣು ನೋಡಿ ಬಾಯಿಗೆ ಸೆರಗು ಹಿಡಿದಳು. "ಯಾ ಅಲ್ಲಾ, ಒಡದೇ ಬಿಟ್ಟಾವಲ್ಲ!"

"ಒಡದೇ ಬಿಟ್ಟಾವು ಅಂದ್ರ? ಮೊದಲ ನೋಡಿದ್ದಿ?"

"ಶನಿವಾರ ನೋಡೀನ್ರೀ."

"ನೋಡಿ ಸುಮ್ನಿದ್ದಿ! ಒಳಗ ಹತ್ತು ಮಕ್ಕಳದಾವು, ಒಂದರ ಮೈಮ್ಯಾಲೂ ಒಂದು ಗುಳ್ಳೆ ಇಲ್ಲ. ನನ್ನ ಕೂಸೊಂದ ನಿನಗ ಬ್ಯಾಡಾತೇನು? ಅದೇನು ಪಾಪ ಮಾಡಿತ್ತು? ಹೇಳು!"

ಬೀದಿಯಲ್ಲಿ ನಾಲ್ಕು ಜನ ನಿಂತರು. ಹುಸೇನ್‌ಬೀಯ ಮುಖ ಕೆಂಪಾಯಿತು. ಅವಳೂ ಸುಮ್ಮನೆ ಅನ್ನಿಸಿಕೊಳ್ಳುವ ಹೆಂಗಸಲ್ಲ.

"ಬ್ಯಾಡಾತೇನ್ ಅಂತ ನನ್ನ ಕೇಳಬ್ಯಾಡ್ರೀ ಅಕ್ಕೋರ! ನಿಮ್ಮ ಅತ್ತೀನ ಕೇಳ್ರಿ! ಮೊದಲನೇ ದಿನ ಕೂಸಿನ ತಂದು ಬಿಟ್ಟವರು ಯಾರು? ನೀವೋ, ಅವರೋ?"

"ಅವರು."

"ಏನಂದ್ರು ಗೊತ್ತೇನು? ಈ ಕೂಸಿನ ಕೊಳ್ಳಾಗ ಲಿಂಗ ಐತಿ. ನಿನ್ನ ಕೈ ನೀರು ಇದರ ಮೈಮ್ಯಾಲೆ ಬೀಳಬಾರದು. ನೀರು ತುಂಬೋ ಬಸವಣ್ಣೆಮ್ಮಗ ಹೇಳೀನಿ, ಆಕೀನೂ ಲಿಂಗವಂತರಾಕಿ, ಆಕೀನ ಜಳಕ ಮಾಡಸ್ತಾಳ. ನನ್ನ ಸೊಸಿ ಗದಗಿನಾಕಿ, ಆಕಿಗಿದು ತಿಳಿಯಂಗಿಲ್ಲ, ಹೇಳಬ್ಯಾಡ. ಹಿಂಗಂದ್ರು. ಹೂಂ ಅಂದೆ. ಹಿರೇರ ಮಾತು, ನಿಮ್ಮ ದೇವರ ಮಾತು, ನಾ ಹೆಂಗ ಮೀರ್ಲಿ?"

ಅಂಬಮ್ಮ ಧೋತರವನ್ನು ಮತ್ತೆ ಕೂಸಿಗೆ ಸುತ್ತಿದಳು.

"ಬಸವಣ್ಣೆಮ್ಮ ಎಲ್ಲಿ?"

"ಹೋದ ಮಂಗಳವಾರ ಪಾಮನಕಲ್ಲೂರಿಗೆ ಹೋಗ್ಯಾಳ. ಮಗಳ ಬಾಣಂತನ. ಅವತ್ತಿಂದ ದಿನಾ ನೀರು ಕಾಸಿ ಬಾಗಲಾಗ ನಿಂದರ್ತೀನಿ. ಹೋಗೋ ಬರೋ ಹೆಣಮಕ್ಕಳಿಗೆ, ಅವ್ವಾ, ನಿಮ್ಮ ಕೊಳ್ಳಾಗ ಲಿಂಗ ಐತೇನು, ಒಂದ ನಾಕು ತಂಬಿಗಿ ಈ ಕೂಸಿಗೆ ಹಾಕಿ ಹೋಗ್ರಿ ಅಂತ ಕೇಳ್ತೀನಿ. ನಗ್ತಾರ, ಹೋಗ್ತಾರ. ಗುರುವಾರ ಒಬ್ಬಾಕಿ ಹಾಕಿದ್ಲು. ಆಮ್ಯಾಲ ಯಾರೂ ಸಿಕ್ಕಿಲ್ಲ. ಒಣ ಅರಿವಿಲೆ ಒರಸ್ತೀನಿ. ಒಣ ಅರಿವಿಲೆ ಉಚ್ಚಿ ಹೇಲು ಹೋಗ್ತಾವೇನ್ರೀ?" ಹುಸೇನ್‌ಬೀ ತಂಬಿಗೆಯನ್ನು ಮುಂದೆ ಚಾಚಿದಳು. "ಇವತ್ತೂ ಅದಕ್ಕ ನಿಂತೀನಿ. ತಂಬಿಗಿ ನೋಡ್ರಿ, ನೀರು ಇನ್ನೂ ಬೆಚ್ಚಗದಾವು."

"ನನಗ್ಯಾಕ ಹೇಳಲಿಲ್ಲ?"

"ಯಾವಾಗ ಹೇಳ್ಲಿ? ಎರಡು ಸಲ ಕರದೆ. ಸಂಜೀಕ ಹೇಳು ಹುಸೇನ್‌ಬೀ ಅಂತ ಓಡಿದ್ರಿ. ಸಂಜೀಕ ನಿಮ್ಮ ಸಾಲಿ ಬಿಡೂ ಮೊದಲ ನಿಮ್ಮ ಮನಿಯವರು ಬರ್ತಾರ, ಇಲ್ಲ ನಿಮ್ಮ ಅತ್ತಿ ಬರ್ತಾರ. ಗಂಡಸರ ಮುಂದ ಹೇಳಾಕ ನಾಚಿಗಿ, ಅತ್ತಿ ಮುಂದ ಹೇಳಾಕ ಹೆದರಿಕಿ."

ಓಡಿದ್ದು ನಿಜ. ಪಾಟಿಯ ಮೇಲಿನ ಮೂವತ್ತೆಂಟು ಹೆಸರುಗಳ ಸಂಭ್ರಮದಲ್ಲಿ ಅಂಬಮ್ಮ ದಿನವೂ ಕೂಸನ್ನು ಇಳಿಸಿ ಓಡುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು, ಅಳು ಬಂತು, ಮರುಗಳಿಗೆ ಎಲ್ಲಿಲ್ಲದ ಧೈರ್ಯ ಬಂತು. ನೀರು ಇಲ್ಲಿದೆ, ಕೈ ಇಲ್ಲಿದೆ, ಕೂಸು ಇಲ್ಲಿದೆ, ನಡುವೆ ಇರುವುದು ಒಂದು ಮಾತು ಮಾತ್ರ. ಅದನ್ನು ಆಡಿದವಳ ಬಾಯಿಂದಲೇ ತೆಗೆಸಬೇಕು. ಇಲ್ಲವಾದರೆ ಇವತ್ತು ತಾನೇ ಜಳಕ ಮಾಡಿಸಿದರೂ ನಾಳೆ ಮತ್ತೆ ಇದೇ ಗೋಳು.

"ನಡಿ ನನ್ನ ಕೂಡ."

"ಎಲ್ಲಿಗ್ರೀ?"

"ನಮ್ಮ ಮನಿಗೆ. ನನಗ ಹೇಳಿದ್ದನ್ನ ಅವರ ಮುಂದ ಹೇಳು."

"ತೋಬಾ ತೋಬಾ! ನನ್ನ ನೌಕರಿ?"

"ನನ್ನದೂ ಹೊಂಟೇತಿ, ನಡಿ!"

ಒಳಗಿನ ಹತ್ತು ಮಕ್ಕಳನ್ನು ಪಕ್ಕದ ಮನೆಯ ಚಾಂದ್‌ಬೀಗೆ ಒಪ್ಪಿಸಿ ಇಬ್ಬರೂ ಹೊರಟರು. ಜಗಳ ನೋಡಲು ನಿಂತಿದ್ದ ನಾಲ್ವರಲ್ಲಿ ಇಬ್ಬರು ಹಿಂದೆಯೇ ಬಂದರು. ಕೆಲಸ ಇಲ್ಲದವರಿಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದು?

ಅಂಗಡಿ ಮುಂದೆ, ಮನೆ ಹಿಂದೆ. ಪಂಪಮ್ಮ ಗಲ್ಲೆಯ ಮುಂದೆ ಕೂತು ಒಬ್ಬ ಹೆಂಗಸಿಗೆ ಉಪ್ಪು ತೂಗಿ ಕೊಡುತ್ತಿದ್ದಳು. ಸೊಸೆಯ ಹಿಂದೆ ಹುಸೇನ್‌ಬೀಯನ್ನು ಕಂಡದ್ದೇ ತಕ್ಕಡಿ ಕೆಳಗಿಟ್ಟಳು. ಹುಸೇನ್‌ಬೀ ಅಂಗಡಿಯ ಕಟ್ಟೆಯ ಕೆಳಗೇ ನಿಂತು, ತಲೆ ತಗ್ಗಿಸಿ, ಒಂದಕ್ಷರ ಬಿಡದೆ ಎಲ್ಲ ಹೇಳಿದಳು.

"ನಾ ಹೇಳಿದ್ದು ಖರೆ," ಎಂದಳು ಪಂಪಮ್ಮ. "ಕೂಸಿಗೆ ಹುಣ್ಣು ಬೀಳಿಸಂತ ಹೇಳಿದ್ನೇನು?"

"ಇಲ್ರೀ ಅವ್ವಾ. ಮತ್ತ ನಾ ಹೆಂಗ ಮಾಡಬೇಕು? ಹೇಳ್ರಿ, ಹಂಗ ಮಾಡ್ತೀನಿ."

ಉಪ್ಪಿನ ಹೆಂಗಸು ಉಪ್ಪು ಮರೆತು ನಿಂತಳು. ಆಗ ಅಂಬಮ್ಮ ಕೂಸಿನ ಧೋತರವನ್ನು ಎದೆಯವರೆಗೆ ಸರಿಸಿದಳು. ಕತ್ತಿನ ಬೆಳ್ಳಿ ಕರಡಿಗೆ ಫಳಫಳ ಹೊಳೆಯುತ್ತಿತ್ತು. ಅದರೊಳಗೆ ಕೂಸಿನ ಲಿಂಗ. ದಿನವೂ ಮುಂಜಾನೆ ಪಂಪಮ್ಮ ಅದನ್ನು ತೆರೆದು, ಲಿಂಗಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಕರಡಿಗೆಯನ್ನು ಒರೆಸಿ ಮುಚ್ಚುತ್ತಿದ್ದಳು. ಅದರ ಸುತ್ತ ಕೂಸಿನ ಎದೆಯ ಮೇಲೆ ಬೆವರು, ಜೊಲ್ಲು, ಮಣ್ಣು ಸೇರಿ ಕೊಳೆ ಹೆಪ್ಪುಗಟ್ಟಿತ್ತು.

"ಅತ್ತಿ," ಎಂದಳು ಅಂಬಮ್ಮ. ಮದುವೆಯಾಗಿ ಆರು ವರ್ಷದಲ್ಲಿ ಅತ್ತೆಗೆ ಎದುರು ಮಾತು ಆಡಿದವಳಲ್ಲ. "ಲಿಂಗಕ್ಕ ದಿನಾ ನೀರು ಹಾಕೀರಿ. ಅದನ್ನ ಹೊತ್ತ ಕೂಸಿಗೆ ಆರು ದಿನದಾಗ ಒಂದೇ ಸಲ ನೀರು ಬಿದ್ದೇತಿ. ಶಿವಗ ಇದು ಮೆಚ್ಚಿಗಿ ಆಗ್ತೈತೇನ್ರೀ?"

ಅಂದುಬಿಟ್ಟಳು. ಅಂದ ಮೇಲೆ ನೌಕರಿಯ ಆಸೆಯನ್ನೂ ಅಲ್ಲಿಗೇ ಬಿಟ್ಟಳು.

ಪಂಪಮ್ಮ ಕೂಸಿನ ಎದೆಯನ್ನೇ ನೋಡಿದಳು, ಕರಡಿಗೆ ನೋಡಿದಳು, ಮತ್ತೆ ಎದೆ ನೋಡಿದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. "ಏ ತಂಗಿ, ಉಪ್ಪು ಆಮ್ಯಾಲ ಬಾ," ಎಂದು ಗಿರಾಕಿಯನ್ನು ಕಳಿಸಿದಳು. ಹಿಂದೆ ಬಂದಿದ್ದ ಇಬ್ಬರ ಕಡೆ ತಿರುಗಿ, "ನಿಮಗೇನು, ಇಲ್ಲಿ ಬಯಲಾಟ ಐತೇನು?" ಎಂದು ಗದರಿದಳು. ಅವರು ಕಾಲುಕಿತ್ತರು.

"ಹುಸೇನ್‌ಬೀ, ಮ್ಯಾಲ ಬಾ. ಬಚ್ಚಲದಾಗ ಹಂಡೇದ ನೀರು ಇನ್ನೂ ಕಾದಾವು."

ಹುಸೇನ್‌ಬೀ ಕಟ್ಟೆ ಹತ್ತಲು ಹಿಂಜರಿದಳು. ಪಂಪಮ್ಮನೇ ಕೈ ಹಿಡಿದು ಮೇಲೆಳೆದಳು. ಅಂಗಡಿ ದಾಟಿ, ಪಡಸಾಲೆ ದಾಟಿ ಬಚ್ಚಲಿಗೆ ಹೋದರು. ಹುಸೇನ್‌ಬೀ ಕಾಲು ಚಾಚಿ ಕೂತಳು, ಅಂಬಮ್ಮ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದಳು. ಹಿತ್ತಲಿನ ಬೇವಿನ ಎಲೆ ಹಂಡೆಗೆ ಬಿದ್ದವು, ಬಿಸಿನೀರಿಗೆ ತಣ್ಣೀರು ಬೆರೆಯಿತು. ಮೊದಲ ತಂಬಿಗೆಗೆ ಕೂಸು ಕಿರುಚಿತು. ಹುಸೇನ್‌ಬೀ ಅದರ ಕಿವಿಯಲ್ಲಿ ತನ್ನ ದಖನಿ ಮಾತಿನಲ್ಲಿ ಏನೇನೋ ಗುನುಗಿದಳು. ಹುಣ್ಣಿರುವಲ್ಲಿ ಉಜ್ಜದೆ ಬರೀ ನೀರು ಇಳಿಯಬಿಟ್ಟಳು, ಉಳಿದೆಡೆ ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ಕೂಸು ಬಿಕ್ಕುವುದು ನಿಲ್ಲಿಸಿ ನೀರು ಬಡಿಯತೊಡಗಿತು. ಬೆನ್ನು ಆಯಿತು, ಕಾಲು ಆಯಿತು, ಕತ್ತಿನ ಮಡಿಕೆ ಆಯಿತು. ಎದೆಯ ಹತ್ತಿರ ಬಂದು ಅವಳ ಕೈ ನಿಂತಿತು. ಅವಳು ಪಂಪಮ್ಮನ ಮುಖ ನೋಡಿದಳು.

"ಏನ್ ನೋಡ್ತಿ?" ಎಂದಳು ಪಂಪಮ್ಮ. "ಎದಿಮ್ಯಾಲಿನ ಹೊಲಸು ಯಾರು ತಿಕ್ಕಬೇಕು? ಕರಡಿಗಿ ಎತ್ತಿ ಹಿಡಿ, ಅದರ ಬುಡಕ ಛಂದಾಗಿ ತಿಕ್ಕು."

"ನಾ ಎತ್ತಲೇನ್ರೀ ಅವ್ವಾ?"

"ನಿನಗ ಹೇಳಾಕತ್ತೀನಿ, ಮತ್ಯಾರಿಗೆ? ಬಗ್ಗಿ ಎತ್ತಾಕ ನನಗ ಸೊಂಟ ಎಲ್ಲೈತಿ?" ಎಂದಳು ಪಂಪಮ್ಮ. ಸೊಂಟದ ಮಾತು ಸುಳ್ಳು. ಬೆಳಗ್ಗೆ ಇದೇ ಸೊಂಟ ಬಗ್ಗಿಸಿ ಕೂಸಿಗೆ ನೀರು ಹಾಕಿದ್ದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು.

ಹುಸೇನ್‌ಬೀ ಕೈಯನ್ನು ಮೂರು ಸಲ ತೊಳೆದುಕೊಂಡಳು. ಆಮೇಲೆ ಎರಡೇ ಬೆರಳಲ್ಲಿ ಕರಡಿಗೆಯನ್ನು ಎತ್ತಿ ಹಿಡಿದು, ಅದರ ಕೆಳಗಿನ ಕೊಳೆಯನ್ನು ಮೆಲ್ಲಗೆ ತಿಕ್ಕಿ ತೆಗೆದಳು. ಕೂಸಿನ ಬೆಳ್ಳನೆಯ ಎದೆ ಕಂಡಿತು. ಅಂಬಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಬಚ್ಚಲ ಬಾಗಿಲು ಹಿಡಿದು ನಿಂತುಬಿಟ್ಟಳು.

"ನಾಳಿಂದ ದಿನಾ ಹಿಂಗ ಆಗಬೇಕು, ಕೇಳ್ತೇನು?" ಎಂದು ಪಂಪಮ್ಮ ಹುಸೇನ್‌ಬೀಗೆ ಹೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದಳು. "ನೀ ಇನ್ನೂ ಇಲ್ಲೇ ಯಾಕ ನಿಂತಿ? ಆ ಹುಡಿಗ್ಯಾರಿಗೆ ಯಾರು ಕಲಿಸಬೇಕು, ನಾನೇನು?"

ಅಂಬಮ್ಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಜಾರಿಗೆ ಇಳಿದು ಓಡಿದಳು.