ಮಡಿವಾಳಪ್ಪನ ಕಣ್ಣಿನ ಚುಕ್ಕೆ

"ಏನ್ಲಾ ಇದು? ಪೋಟೋನಾ, ಇಲ್ಲ ರಾಗಿ ಚೆಲ್ಲಿರೋ ಕಣಾನಾ?"

ಲೋಹ ಉಜ್ಜುವ ಗ್ರೈಂಡಿಂಗ್ ಶೆಡ್ಡಿನ ಯಜಮಾನ ರಾಮಾಂಜಿನಪ್ಪ, ತನ್ನ ಕೆಲಸಗಾರರ ಫೋಟೋ ಹಾಕಿಸಿದ್ದ ಹೊಸ ವರ್ಷದ ಕ್ಯಾಲೆಂಡರನ್ನು ಕೌಂಟರಿನ ಮೇಲೆ ಬಿಸಾಕಿದ. ಬಾಗಲಗುಂಟೆಯ ಆ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಕಾದು ಕೂತಿದ್ದವರೆಲ್ಲ ಕತ್ತು ಚಾಚಿದರು.

"ಎಂಟನೇ ಕ್ಲಾಸ್ ದಾಟದ ನನ್ಮಗನ್ ಕೈಗೆ ಕಂಪ್ಯೂಟರ್ ಕೊಟ್ರೆ ಇಂಗೇ ಆಗೋದು. ಸಗಣಿ ಬಾಚೋ ಕೈಗೆ ಜರಿ ಸೀರೆ ನೇಯಕ್ ಕೊಟ್ಟಂಗೆ!"

ಬೆಂಚಿನ ಮೇಲಿದ್ದ ಯಾರೋ ಕಿಸಕ್ಕೆಂದರು. ಕಂಪ್ಯೂಟರಿನ ಮುಂದೆ ಕೂತಿದ್ದ ಈರಣ್ಣನ ಕಿವಿ ಬಿಸಿಯಾಯಿತು. ತಾನು ಮೊದಲು ದುಡಿಯುತ್ತಿದ್ದ ಇವನ ಶೆಡ್ಡಿನಲ್ಲಾಗಿದ್ದರೆ ಕೈಗೆ ಸಿಕ್ಕ ಸ್ಪ್ಯಾನರ್ ಬೀಸುತ್ತಿದ್ದ. ಇಲ್ಲಿ ಎಸೆಯಲು ಇದ್ದದ್ದು ಮೌಸ್ ಒಂದೇ, ಅದಕ್ಕೂ ದಾರ ಕಟ್ಟಿದ್ದರು.

ರಾಮಾಂಜಿನಪ್ಪನ ಹಿಂದೆ ಟೈ ಕಟ್ಟಿದ ಒಬ್ಬರು ನಿಂತಿದ್ದರು. ಹೆಸರು ಅಮರೇಶ್, ವೈಟ್‌ಫೀಲ್ಡಿನ ಒಂದು ಕಂಪನಿಯವರು. ಶೆಡ್ಡು, ಕೆಲಸಗಾರರ ಸ್ಥಿತಿ ನೋಡಿ ಬರೆದುಕೊಂಡು ಹೋಗಲು ಬಂದಿದ್ದರು. ಆ ಕಂಪನಿ ಆರ್ಡರ್ ಕೊಡಲು ಒಪ್ಪಿದರೆ ರಾಮಾಂಜಿನಪ್ಪನ ಎರಡು ಶೆಡ್ಡು ನಾಲ್ಕಾಗುತ್ತಿದ್ದವು. ಅವರು ಕ್ಯಾಲೆಂಡರಿನ ಚಿತ್ರದ ಮೇಲೆ ಬೆರಳಿಟ್ಟರು.

"ಇವ್ರ ಎಡಗಣ್ಣಿಗೆ ಏನಾಗಿದೆ ಅಂತ ಓನರ್‌ನ ಕೇಳಿದೆ. ಕಂಪ್ಯೂಟರಿಂದ ಬಿದ್ದಿರೋ ಚುಕ್ಕೆ ಅಂದ್ರು."

"ಇನ್ನೇನ್ ಮತ್ತೆ ಸಾರ್? ಮಾಡಿದೋನ್ ಬಾಯಿಂದ್ಲೇ ಕೇಳಿ. ಹೇಳ್ಲಾ."

ಈರಣ್ಣ ಆ ಬೆರಳಿನ ಕೆಳಗಿದ್ದ ಮುಖವನ್ನು ನೋಡಿದ. ಮಡಿವಾಳಪ್ಪ.

ಅದು ಆಯುಧಪೂಜೆಯ ದಿನದ ಫೋಟೋ. ಮೆಷಿನ್ನುಗಳಿಗೆ ಕುಂಕುಮ, ಚೆಂಡುಹೂವು, ಬಾಗಿಲಲ್ಲಿ ಒಡೆದ ಬೂದುಗುಂಬಳ, ಮಧ್ಯೆ ಇಸ್ತ್ರಿ ಅಂಗಿ ಹಾಕಿಕೊಂಡು ಸಾಲಾಗಿ ನಿಂತ ಕೆಲಸಗಾರರು. ಅಷ್ಟರಲ್ಲಿ ಕರೆಂಟು ಹೋಗಿತ್ತು. ಸ್ಟುಡಿಯೋ ಯಜಮಾನ ಲೋಕೇಶ್ ತನ್ನ ಭಾವನ ಕೈಲಿ ಸಿಂಗಾಪುರದಿಂದ ತರಿಸಿದ್ದ ಡಿಜಿಟಲ್ ಕ್ಯಾಮೆರಾದ ಬ್ಯಾಟರಿ ಸುಸ್ತಾಗಿ ಫ್ಲ್ಯಾಷ್ ಕೈಕೊಟ್ಟಿತ್ತು. ದೀಪದ ಬೆಳಕಿನಲ್ಲೇ ತೆಗೆದ. ಬೆಳಕು ಸಾಲದೆ ಹೋದರೆ ಆ ಕ್ಯಾಮೆರಾ ಸುಮ್ಮನಿರುವುದಿಲ್ಲ, ಕತ್ತಲಿದ್ದ ಕಡೆಯೆಲ್ಲ ಕೆಂಪು, ಹಸಿರು, ನೀಲಿ ಚುಕ್ಕೆ ಎರಚುತ್ತದೆ. ಲೋಕೇಶ್ ಅದನ್ನು ನಾಯ್ಸು ಎನ್ನುತ್ತಿದ್ದ. ತೆಗೆಯುವ ಉಪಾಯವೂ ಕಂಪ್ಯೂಟರಿನಲ್ಲೇ ಇತ್ತು. ಒಂದು ಕಡೆ ಒತ್ತಿದರೆ ಸಾಕು, 'ಪಕ್ಕದವನು ಹೇಗಿದ್ದಾನೋ ನೀನೂ ಹಾಗೇ ಇರು' ಎಂದು ಪ್ರತಿಯೊಂದು ಚುಕ್ಕೆಗೂ ಬುದ್ಧಿ ಹೇಳುತ್ತದೆ. ಚಿತ್ರ ಬೆಣ್ಣೆಯಂತಾಗುತ್ತದೆ.

ಈರಣ್ಣನೂ ಒತ್ತಿದ್ದ. ಒತ್ತಿ, ಪ್ರಿಂಟು ತೆಗೆದು, ತಾನೇ ಮೆಚ್ಚಿ ಗೋಡೆಗೆ ಅಂಟಿಸಿದ್ದ. ಲೋಕೇಶ್ ನೋಡಿ "ಸಕ್ಕತ್ ಮಗಾ" ಅಂದು ಸಂಸಾರ ಸಮೇತ ತಿರುಪತಿಗೆ ಹೊರಟುಹೋದ. ಆಮೇಲೆ ಬಂದವನು ಮಡಿವಾಳಪ್ಪ.

ಸ್ಕೂಲು ಬಿಟ್ಟು ಶೆಡ್ಡಿಗೆ ಸೇರಿದ ಈರಣ್ಣನಿಗೆ ಗ್ರೈಂಡಿಂಗ್ ಕಲಿಸಿದವನೇ ಅವನು. ತಿರುಗುತ್ತಿದ್ದ ಸಾಣೆಕಲ್ಲಿನ ವೀಲ್ ಒಡೆದು ಚೂರು ಅವನ ಎಡಗಣ್ಣಿಗೆ ಹೊಕ್ಕ ದಿನ ಪಕ್ಕದ ಮೆಷಿನ್ನಿನಲ್ಲಿದ್ದವನು ಈರಣ್ಣ. ಶೆಡ್ಡಿಗೆಲ್ಲ ಇದ್ದದ್ದು ಕಣ್ಣು ಕಾಯುವ ಒಂದೇ ಕನ್ನಡಕ. ಅದು ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ತೋರಿಸಲೆಂದು ಆಫೀಸಿನ ಮೊಳೆಗೆ ನೇತುಬಿದ್ದಿರುತ್ತಿತ್ತು. ಗಾಯ ಮಾಗಿ ಕಣ್ಣಿನಲ್ಲಿ ಬಿಳಿ ಹೂ ಬಿತ್ತು. ಅಂದಿನಿಂದ ಹೊರಗಿನ ಸಾಹೇಬರು ಶೆಡ್ಡು ನೋಡಲು ಬರುವ ದಿನವೆಲ್ಲ ಮಡಿವಾಳಪ್ಪನಿಗೆ ರಜೆ, ಕೇಳದಿದ್ದರೂ ರಜೆ.

ಅವನು ಗೋಡೆಯ ಪ್ರಿಂಟಿನ ಹತ್ತಿರ ಬಲಗಣ್ಣು ತಂದು ನೋಡಿದ.

"ಇದ್ಯಾರ್ಲಾ ಮದುವೆ ಗಂಡು?"

"ನೀನೇ ಕಣಣ್ಣೋ."

ಮಡಿವಾಳಪ್ಪ ಕೆನ್ನೆ ಮುಟ್ಟಿಕೊಂಡ. ಗ್ರೈಂಡಿಂಗಿನವರ ಮುಖದಲ್ಲಿ ಕಿಡಿ ಸಿಡಿದು ಚರ್ಮದೊಳಗೇ ಕೂತ ಕರಿ ಚುಕ್ಕೆಗಳಿರುತ್ತವೆ, ಎಳ್ಳು ಉದುರಿಸಿದಂತೆ. ಪ್ರಿಂಟಿನಲ್ಲಿ ಒಂದೂ ಇರಲಿಲ್ಲ. ಕಣ್ಣಿನ ಹೂವೂ ಇರಲಿಲ್ಲ.

"ಪರವಾಗಿಲ್ಲ ಬಿಡು," ಎಂದು ನಕ್ಕ. "ರಾಮಾಂಜಿನಪ್ಪ ಕೊಡದ ಕಣ್ಣ ನೀನ್ ಕೊಟ್ಟೆ. ಅವ್ನಿಗಿಂತ ನೀನೇ ದೊಡ್ಡೋನು ಕಣ್ಲಾ."

ತಮಾಷೆಗೇ ಅಂದದ್ದು. ಆದರೆ ಅವನು ಹೋದ ಮೇಲೆ ಈರಣ್ಣ ಟೀ ಲೋಟ ಪಕ್ಕಕ್ಕಿಟ್ಟ. ವೀಲ್ ಒಡೆದಾಗ ಕೇಳಿದ್ದ ಆ ಕೂಗು, ಆ ರಕ್ತ, ಎಲ್ಲವನ್ನೂ ತಾನು ಒಂದು ಬೆರಳಲ್ಲಿ ಒರೆಸಿ ಹಾಕಿದ್ದ. ರಾಮಾಂಜಿನಪ್ಪನಾದರೂ ರಜೆ ಕೊಟ್ಟು ಮುಚ್ಚಿಡುತ್ತಿದ್ದ. ತಾನು ಆ ಗಾಯವೇ ಇಲ್ಲ ಅನ್ನಿಸಿಬಿಟ್ಟಿದ್ದ!

ಮೂಲ ಚಿತ್ರವನ್ನು ಮತ್ತೆ ತೆರೆದ. ಈ ಸಲ ಆ ಬೆಣ್ಣೆ ಸವರುವ ಉಪಾಯ ಬೇಡವೆಂದ. ಕ್ಯಾಮೆರಾ ಎರಚಿದ ಬಣ್ಣದ ಚುಕ್ಕೆಗಳನ್ನು ಗೋಡೆಯಿಂದ, ಅಂಗಿಗಳಿಂದ, ಹಾರಗಳಿಂದ ಒಂದೊಂದಾಗಿ ಹೆಕ್ಕಿ ತೆಗೆದ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮುಖಗಳ ಹತ್ತಿರ ಬಂದಾಗ ಕೈ ಬಿಗಿ ಹಿಡಿದ. ಕೆಲವು ಕಡೆ ಯಾವುದು ಕ್ಯಾಮೆರಾದ್ದು, ಯಾವುದು ಕಿಡಿಯದ್ದು ಅವನಿಗೂ ತಿಳಿಯಲಿಲ್ಲ. ತಿಳಿಯದ್ದನ್ನೆಲ್ಲ ಹಾಗೇ ಬಿಟ್ಟ. ಇರಲಿ, ಜಾಸ್ತಿಯೇ ಇರಲಿ! ಲೋಕೇಶ್ ತಿರುಪತಿಯಿಂದ ಬರುವುದರೊಳಗೆ ಚಿತ್ರ ರಾಜಾಜಿನಗರದ ಪ್ರೆಸ್ಸು ಸೇರಿತ್ತು. ಬಂಡಲ್ ಬಿಚ್ಚಿಯೂ ನೋಡದೆ ರಾಮಾಂಜಿನಪ್ಪ ಒಂದನೇ ತಾರೀಖು ಗೇಟಿನಲ್ಲಿ ಎಲ್ಲರಿಗೂ ಹಂಚಿದ್ದ, ವೈಟ್‌ಫೀಲ್ಡಿಗೂ ಒಂದು ಕಳಿಸಿದ್ದ.

"ಬಾಯಲ್ಲೇನ್ ಕಡುಬಿಟ್ಕೊಂಡಿದೀಯಾ?" ರಾಮಾಂಜಿನಪ್ಪ ಕೌಂಟರ್ ಗುದ್ದಿದ. "ಚುಕ್ಕೆ ತಾನೆ ಅದು?"

ಲೋಕೇಶ್ ಈರಣ್ಣನ ಹೆಗಲ ಮೇಲೆ ಕೈಯಿಟ್ಟು ಬಗ್ಗಿದ. ಅವನು ಕೆಟ್ಟವನಲ್ಲ. ಶೆಡ್ಡು ಬಿಟ್ಟು ಬಂದವನನ್ನು ಈ ಕುರ್ಚಿಯಲ್ಲಿ ಕೂರಿಸಿದವನೇ ಅವನು. ಆದರೆ ಅಂಗಡಿಯ ಕಟ್ಟಡ ರಾಮಾಂಜಿನಪ್ಪನದು.

"ಮಗಾ, ಕಂಪ್ಯೂಟರ್ ಮಿಸ್ಟೇಕು ಅಂದ್ಬಿಡು," ಎಂದು ಪಿಸುಗುಟ್ಟಿದ. "ಒಂದೇ ಮಾತು. ಸೀಟು ನಿಂದೇ ಇರುತ್ತೆ. ಇಲ್ಲಾಂದ್ರೆ ನಾನೇನೂ ಮಾಡಕ್ಕಾಗಲ್ಲ ಗುರು, ವಾಪಸ್ ಗ್ರೈಂಡಿಂಗೇ ನಿಂಗೆ."

"ನೀವು ಹೆದರ್ಕೋಬೇಡಿ," ಎಂದರು ಅಮರೇಶ್. "ಚುಕ್ಕೆ ಅಂದ್ರೆ ಚುಕ್ಕೆ ಅಂತ ಬರ್ಕೊಂಡು ಹೋಗ್ತೀನಿ. ನನಗೂ ಮುಗಿದ್ರೆ ಸಾಕು."

ಈರಣ್ಣ ಎದ್ದ. ಎದ್ದವನು ಬಾಗಿಲ ಕಡೆ ಹೋಗದೆ, ಸ್ಕ್ಯಾನರಿನ ಗಾಜು ಒರೆಸಲು ಇಟ್ಟಿದ್ದ ಸ್ಪಿರಿಟ್ ಬಾಟಲಿ ತೆಗೆದು ಹತ್ತಿ ನೆನೆಸಿದ. ಅಮರೇಶರ ಎದುರಿಗೆ ಬಂದು ನಿಂತ. ತನ್ನ ಬಲಗೆನ್ನೆಗೆ ಹತ್ತಿ ಒತ್ತಿ ತಿಕ್ಕತೊಡಗಿದ. ಮೆಲ್ಲಗೆ ಅಲ್ಲ, ತುಕ್ಕು ಉಜ್ಜುವ ಹಾಗೆ. ಬೆಂಚಿನವರ ನಗು ನಿಂತಿತು. ಕೆನ್ನೆ ಕೆಂಪಾಯಿತು, ಇನ್ನೂ ಕೆಂಪಾಯಿತು. ಆ ಕೆಂಪಿನ ನಡುವೆ ಶೆಡ್ಡಿನಿಂದ ಹೊತ್ತು ತಂದ ಕರಿ ಚುಕ್ಕೆಗಳು ಒಂದೂ ಅಲುಗದೆ ಕೂತಿದ್ದವು.

ಹತ್ತಿಯನ್ನು ಕ್ಯಾಲೆಂಡರಿನ ಮೇಲಿಟ್ಟ, ಮಡಿವಾಳಪ್ಪನ ಮುಖ ಬಿಟ್ಟು ಪಕ್ಕಕ್ಕೆ. ಅಮರೇಶ್ ಹತ್ತಿಯನ್ನು ನೋಡಿದರು. ಅದು ಬೆಳ್ಳಗೇ ಇತ್ತು. ಆಮೇಲೆ ರಾಮಾಂಜಿನಪ್ಪನ ಕಡೆ ತಿರುಗಿದರು.

"ಈ ಮನುಷ್ಯ ಇವತ್ತು ಕೆಲಸಕ್ಕೆ ಬಂದಿದಾರಾ?"

"ಅವ್ನಾ... ಇವತ್ತು ರಜಾ ಸಾರ್," ಎಂದ ರಾಮಾಂಜಿನಪ್ಪ. ಹೇಳಿದ್ದೇ ಈರಣ್ಣನ ಮೇಲೆ ಹರಿಹಾಯ್ದ. "ಲೇ ಬೇವಾರ್ಸಿ! ಕೇಳಿದ್ಕೆ ಬಾಯ್ಬಿಟ್ಟು ಹೇಳ್ಲಾ! ಚುಕ್ಕೆ ಹೌದೋ ಅಲ್ವೋ?"

ಈರಣ್ಣ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.

"ಈರಣ್ಣ, ನಾಳೆ ಬರ್ತೀಯೋ ಇಲ್ವೋ, ಅದನ್ನಾದ್ರೂ ಹೇಳೋಗೋ!" ಲೋಕೇಶ್ ಬಾಗಿಲಿಗೆ ಬಂದು ಕೂಗಿದ.

ಸ್ಪಿರಿಟ್ಟು ಬಿಸಿಲಿಗೆ ಆರುತ್ತಾ ಕೆನ್ನೆ ಧಗಧಗ ಉರಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ, ತಿರುಗಿಯೂ ನೋಡದೆ, ಈರಣ್ಣ ನಡುರಸ್ತೆಯಲ್ಲೇ ನಡೆದುಹೋದ.