ಇಪ್ಪತ್ತಮೂರನೇ ನಿಮಿಷ

ಒಂದೇ ಹಾಡನ್ನು ಮೂವತ್ತೇಳು ನಿಮಿಷ ಎಳೆಯುವವರನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಅದನ್ನು ಮೈಯೆಲ್ಲ ಕಿವಿಯಾಗಿಸಿಕೊಂಡು ಕೇಳುವವರನ್ನಂತೂ ಮನೆಯವರು ತಲೆಕೆಟ್ಟವರೆಂದೇ ಕರೆಯುತ್ತಿದ್ದರು. 'ಸ್ಲೋ ಲೋಕಲ್' ಬ್ಯಾಂಡಿನ ನಾಲ್ವರು ಒಮ್ಮೆ ನುಡಿಸಿದಂತೆ ಮತ್ತೊಮ್ಮೆ ನುಡಿಸಿದವರಲ್ಲ. ಎರಡು ಸಾಲು ಹಾಡುವುದು, ಆಮೇಲೆ ಗಿಟಾರು ಎತ್ತ ಎಳೆದರೆ ಅತ್ತ ಹೋಗುವುದು. ಹಾಗಾಗಿ ಅವರ ಅಭಿಮಾನಿಗಳಿಗೆ ಆಲ್ಬಂ ಬೇಡ, ಒಂದೊಂದು ಕಾರ್ಯಕ್ರಮದ ರೆಕಾರ್ಡಿಂಗೂ ಬೇಕು. ವಿಕ್ರೋಳಿಯದ್ದನ್ನು ಕೇಳಿದವನಿಗೆ ಬೈಕುಲ್ಲಾದ್ದನ್ನೂ ಕೇಳದೆ ಅನ್ನ ಇಳಿಯುವುದಿಲ್ಲ.

ಹೀಗೆ ರೆಕಾರ್ಡ್ ಮಾಡಿ ಅಭಿಮಾನಿಗಳ ಗ್ರೂಪಿಗೆಲ್ಲ ಹಂಚುವ ಕೆಲಸವನ್ನು ಒಂಬತ್ತು ವರ್ಷ ಮಾಡಿದವರು ಇಬ್ಬರು. ಒಬ್ಬ ಸಾಂತಾಕ್ರೂಜಿನಲ್ಲಿ ಹೋಟೆಲಿಟ್ಟಿದ್ದ ಚೆನ್ನಯ, ಇನ್ನೊಬ್ಬ ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದ ತಿಲಕ್. ಮೂರನೇ ಸಾಲಿನ ನಡುವೆ ಇಬ್ಬರಿಗೂ ಒಂದೊಂದು ಕುರ್ಚಿ, ಮುಂದೆ ಸ್ಟ್ಯಾಂಡಿನ ಮೇಲೆ ಎರಡು ಮೈಕು. ಅವರ ಕಟ್ಟುಪಾಡು ಮಡಿಯಲ್ಲಿರುವವರದ್ದಕ್ಕಿಂತ ಬಿಗಿ. ರೆಕಾರ್ಡಿಂಗ್ ಶುರುವಾದ ಮೇಲೆ ಮಾತಿಲ್ಲ, ಚಪ್ಪಾಳೆಯಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ರೆಕಾರ್ಡಿಂಗನ್ನು ಕತ್ತರಿಸಬಾರದು, ಅದಕ್ಕೆ ತೇಪೆ ಹಾಕಬಾರದು, ಮೂಲವನ್ನು ಯಾವತ್ತೂ ಅಳಿಸಬಾರದು.

ಕಳೆದ ವರ್ಷ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಬೈಕುಲ್ಲಾದ ಹಳೇ ಮಿಲ್ಲಿನ ಶೆಡ್ಡಿನಲ್ಲಿ 'ಮುಂದಿನ ಸ್ಟೇಷನ್' ಹಾಡು ಇಪ್ಪತ್ತಮೂರನೇ ನಿಮಿಷಕ್ಕೆ ಬಂದಿತ್ತು. ಗಿಟಾರು ಹಿಂದೆಂದೂ ಹೋಗದ ಕಡೆಗೆ ಹೊರಳಿತ್ತು. ಅದೇ ಗಳಿಗೆಯಲ್ಲಿ ಚೆನ್ನಯ ತಿಲಕನ ತೋಳನ್ನು ಎರಡು ಸಲ ತಟ್ಟಿ, ಅವನ ಹೆಸರು ಹಿಡಿದು ಏನೋ ಹೇಳಹೊರಟ. ತಿಲಕನಿಗೆ ಸಿಟ್ಟು ನೆತ್ತಿಗೇರಿತು. ಕಣ್ಣು ಕೂಡ ತೆರೆಯದೆ ತುಟಿಯ ಮೇಲೆ ಬೆರಳಿಟ್ಟು 'ಶ್ಶ್' ಎಂದ. ಚೆನ್ನಯ ಮತ್ತೆ ತುಟಿಪಿಟಕ್ಕೆನ್ನಲಿಲ್ಲ. ಹಾಡು ಮುಗಿದಾಗ ಶೆಡ್ಡಿಗೆ ಶೆಡ್ಡೇ ಎದ್ದು ನಿಂತಿತು, ಅವನೊಬ್ಬ ಏಳಲಿಲ್ಲ.

ಹೃದಯಾಘಾತ. ಹತ್ತು ನಿಮಿಷ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದಾಗ ಅಲ್ಲಿ ತಿಲಕನಲ್ಲದೆ ಬೇರೆ ಯಾರೂ ಇರಲಿಲ್ಲ. ಚೆನ್ನಯನ ಹೆಂಡತಿ ಸೇವಂತಿ ಆಸ್ಪತ್ರೆಗೆ ಓಡಿ ಬಂದು, "ಕೊನೆಗೆ ಏನಾದ್ರೂ ಹೇಳಿದ್ರಾ?" ಎಂದು ಕೇಳಿದಳು.

"ಏನೂ ಹೇಳಲಿಲ್ಲ ಅತ್ತಿಗೆ. ಹಾಡು ಕೇಳ್ತಾ ಕೇಳ್ತಾ ಹೋದ್ರು."

ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೋವಿಲ್ಲದೆ ಹೋದರು ಎಂದು ಬಂದವರಿಗೆಲ್ಲ ಹೇಳಿದಳು. ಗ್ರೂಪಿನವರು ಮಾತ್ರ ಆ ದಿನದ ರೆಕಾರ್ಡಿಂಗ್ ಬೇಕೇ ಬೇಕೆಂದು ಬೆನ್ನು ಬಿದ್ದರು. ತಿಲಕ್ ಆ ಒಂದು ನಿಮಿಷವನ್ನು ಕೇಳುವ ಧೈರ್ಯವಿಲ್ಲದೆ ಹಾಗೇ ಕತ್ತರಿಸಿ ತೆಗೆದ. ಆ ಜಾಗಕ್ಕೆ ನಾಲ್ಕು ವರ್ಷ ಹಿಂದಿನ ವಿಕ್ರೋಳಿ ಕಾರ್ಯಕ್ರಮದಿಂದ, ಅದೇ ಹಾಡಿನ ಒಂದು ನಿಮಿಷವನ್ನು ತಂದು ತೇಪೆ ಹಾಕಿದ. ತೇಪೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಇದರಂಥ ರೆಕಾರ್ಡಿಂಗ್ ಇನ್ನೊಂದಿಲ್ಲವೆಂದು ಎಲ್ಲರೂ ಹೊಗಳಿದರು. ಮೂಲ ಮಾತ್ರ ಅವನ ಕಪಾಟಿನ ಪೆನ್‌ಡ್ರೈವಿನಲ್ಲಿ ಉಳಿಯಿತು. ಅಳಿಸಲು ಕೈ ಬರಲಿಲ್ಲ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಸೇವಂತಿಯ ಫೋನು ಬಂತು.

"ತಿಲಕಾ, ನಾನೀಗ ತರಕಾರಿ ಹೆಚ್ಚುವಾಗ ನಿಮ್ಮ ಆ ಹಾಡೇ ಹಾಕುವುದು. ಮೊದಲು ತಲೆನೋವು ಬರ್ತಿತ್ತು, ಈಗ ಅದಿಲ್ಲದಿದ್ರೆ ಆಗುವುದಿಲ್ಲ. ಬೈಕುಲ್ಲಾದ್ದರಲ್ಲಿ ಇವರು ನಿನ್ನನ್ನು ಕರೀತಾರಲ್ಲ, ಎಂತಕ್ಕೆ?"

"ಯಾವಾಗ ಅತ್ತಿಗೆ?"

"ಇಪ್ಪತ್ತಮೂರನೇ ನಿಮಿಷದಲ್ಲಿ. 'ತಿಲಕಾ' ಅಂತಾರೆ, ಮತ್ತೆ ಎಂತದೋ ಹೇಳ್ಲಿಕ್ಕೆ ಹೊರಡ್ತಾರೆ. ಯಾರೋ ಬಾಯಿ ಮುಚ್ಚಿಸ್ತಾರೆ. ಅದು ಯಾರು?"

"ಹಿಂದೆ ಕೂತವರು ಯಾರೋ ಇರ್ಬೇಕು," ಎಂದ ತಿಲಕ್. ತೇಪೆ ಹಾಕಿದ ಆ ನಿಮಿಷ ಬೈಕುಲ್ಲಾದ್ದಲ್ಲವೇ ಅಲ್ಲ.

ಆಫೀಸಿಗೆ ಹೋಗುವ ಲೋಕಲ್ ರೈಲಿನ ನೂಕುನುಗ್ಗಲಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತೇ ಹೆಡ್‌ಫೋನು ಹಾಕಿಕೊಂಡ. ಗಿಟಾರಿನ ನಡುವೆ, ಎಡಗಿವಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರದಿಂದ 'ತಿಲಕಾ' ಎಂಬ ದನಿ ಬಂತು. ಹಿಂದೆಯೇ 'ಶ್ಶ್'. ಅವನದೇ 'ಶ್ಶ್'. ವಿಕ್ರೋಳಿಯ ಮೂಲವನ್ನು ತೆರೆದ, ಅದರಲ್ಲೂ ಇತ್ತು. ಠಾಣೆ ಊರಿನ ಕಾರ್ಯಕ್ರಮದ್ದರಲ್ಲೂ ಇತ್ತು. ಕೊನೆಗೆ, ಅವನಿಗೂ ಚೆನ್ನಯನಿಗೂ ಪರಿಚಯವೇ ಆಗಿರದ ಕಾಲದಲ್ಲಿ ಹಿತೇಶ್ ಎಂಬ ಗ್ರೂಪಿನ ಗೆಳೆಯ ಮಾಡಿದ್ದ ರೆಕಾರ್ಡಿಂಗನ್ನೂ ಹಾಕಿದ. ಇಪ್ಪತ್ತಮೂರನೇ ನಿಮಿಷಕ್ಕೆ ಅಲ್ಲಿಯೂ ಅದೇ ದನಿ ಅವನನ್ನು ಕರೆಯಿತು. ಇಳಿಯಬೇಕಾದ ಸ್ಟೇಷನ್ ದಾಟಿ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಹಿತೇಶನಿಗೆ ಫೋನು ಮಾಡಿ ಕೇಳಿಸಿದ. "ಎಂತದೂ ಇಲ್ಲ ಮಾರಾಯ, ಏಕ್‌ದಂ ಕ್ಲೀನ್ ಉಂಟು," ಎಂದ ಹಿತೇಶ್. ಅಂದರೆ ಕೇಳಿಸುತ್ತಿದ್ದದ್ದು ಇಬ್ಬರಿಗೆ ಮಾತ್ರ. ಸುಳ್ಳು ಹೇಳಿದವನಿಗೆ, ಆ ಸುಳ್ಳನ್ನು ನಂಬಿದವಳಿಗೆ.

ಮುಂದಿನ ಭಾನುವಾರ ಅದೇ ಶೆಡ್ಡಿನಲ್ಲಿ ಕಾರ್ಯಕ್ರಮವಿತ್ತು. ಚೆನ್ನಯನ ಕುರ್ಚಿಯನ್ನು ಗ್ರೂಪಿನವರು ಅವನ ಹೆಸರಿನಲ್ಲಿ ಖಾಲಿ ಬಿಡುತ್ತಿದ್ದರು. ತಿಲಕ್ ಮೈಕು ನಿಲ್ಲಿಸಿ, ಹೆಡ್‌ಫೋನು ಏರಿಸಿ ಕೂತ. ಬ್ಯಾಂಡಿನವರು ಬೇರೆ ಹಾಡು ಎತ್ತಿಕೊಳ್ಳಲಪ್ಪಾ ಎಂದು ಕಾಣದ ದೇವರಿಗೆಲ್ಲ ಹರಕೆ ಹೊತ್ತ. ಅವರು 'ಮುಂದಿನ ಸ್ಟೇಷನ್' ಅನ್ನೇ ಎತ್ತಿಕೊಂಡರು. ರೆಕಾರ್ಡರಿನ ಅಂಕಿ ಇಪ್ಪತ್ತೆರಡು ದಾಟಿತು. ತಗಡಿನ ಸಂದಿಯಿಂದ ಬಿದ್ದ ಬಿಸಿಲು ಖಾಲಿ ಕುರ್ಚಿಯ ಮೇಲಿತ್ತು. ತೋಳಿನ ಮೇಲೆ ಯಾರೋ ಎರಡು ಸಲ ತಟ್ಟಿದರು.

ಹತ್ತು ವರ್ಷದ ವ್ರತ ಅಲ್ಲಿಗೆ ಮುರಿಯಿತು. "ಹೇಳಿ ಚೆನ್ನಯಣ್ಣ," ಎಂದ ತಿಲಕ್, ಗಟ್ಟಿಯಾಗಿಯೇ. "ಎಂತ ಬೇಕಿತ್ತು? ಅವತ್ತು ನಾನು ಕೇಳ್ಲಿಲ್ಲ. ಈಗ ಹೇಳಿ, ಹೊರಗೆ ಹೋಗುವಾ?" ಮುಂದಿನ ಸಾಲಿನವರು ತಿರುಗಿ ಗುರಾಯಿಸಿದರು. ಹೆಡ್‌ಫೋನಿನ ಎಡಗಡೆಯಿಂದ, ಆ ಕುರ್ಚಿಯ ಕಡೆಯಿಂದ, ಉತ್ತರ ಬಂತು.

'ಶ್ಶ್.'

ಈ ಸಲ ಅದು ತಿಲಕನ ದನಿಯಾಗಿರಲಿಲ್ಲ. ತಿಲಕ್ ಬಾಯಿ ಮುಚ್ಚಿ, ಹಾಡು ಮುಗಿಯುವವರೆಗೂ ಅಲುಗದೆ ಕೂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮರುದಿನ ಊಟದ ಗದ್ದಲ ಇಳಿದ ಹೊತ್ತಿಗೆ ಅವನು ಸಾಂತಾಕ್ರೂಜಿನ ಹೋಟೆಲಿಗೆ ಹೋದ. ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹೆಡ್‌ಫೋನನ್ನು ಸೇವಂತಿಯ ಕೈಗೆ ಕೊಟ್ಟ.

"ಇದು ಬೈಕುಲ್ಲಾದ ಮೂಲ ಅತ್ತಿಗೆ. ಕತ್ತರಿಸದೇ ಇರುವುದು. ನಾನೂ ಕೇಳಿಲ್ಲ."

ಅವಳು ಕುಕ್ಕರಿನ ಉರಿ ಆರಿಸಿ, ಕೈ ಒರೆಸಿಕೊಂಡು ಕೂತಳು. ಮೊದಲಿನಿಂದಲೇ ಕೇಳುತ್ತೇನೆ ಎಂದಳು. ತಿಲಕ್ ಎದುರಿನ ಬೆಂಚಿನಲ್ಲಿ ಪರದೆಯ ಅಂಕಿ ನೋಡುತ್ತ ಕಾದ. ಇಪ್ಪತ್ತಮೂರು ಬಂದಾಗ ಅವಳ ಕಣ್ಣುಗಳು ಮುಚ್ಚಿಕೊಂಡವು. ಕೇಳಿದ ಮಾತನ್ನೇ ತಿರುಗಿ ಹೇಳಿಕೊಳ್ಳುವಂತೆ ತುಟಿಗಳು ಅಲುಗಿದವು. ಅವು ಒಂದಲ್ಲ, ಐದಾರು ಮಾತಿನಷ್ಟು ಅಲುಗಿದವು. ಆಮೇಲೆ ಒಮ್ಮೆಲೇ ನಿಂತವು.

ತಿಲಕನಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ಬಾಯಿ ಮುಚ್ಚಿಸಿದ್ದು ನಾನೇ. ಎಂತ ಹೇಳಿದ್ರು ಅವರು?"

ಸೇವಂತಿ ಕಣ್ಣು ತೆರೆಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟು 'ಶ್ಶ್' ಎಂದಳು. ಹಾಡು ಮುಗಿಯಲು ಇನ್ನೂ ಹದಿನಾಲ್ಕು ನಿಮಿಷವಿತ್ತು.