ಹರಿವೋ ಅರಿವೋ

“ಹರಮನೆ ಅಂದ್ರೆ ಯಾವ ಮನೆ?”

ಬಣಕಲ್ ಬಸ್ಸಿನ ಕಿಟಕಿ ಪಕ್ಕ ಕೂತು ಪ್ರೂಫ್ ತಿರುವುತ್ತಿದ್ದ ರಜನಿ ಯಾರಿಗೂ ಅಲ್ಲದ ಹಾಗೆ ಗಟ್ಟಿಯಾಗಿಯೇ ಕೇಳಿಬಿಟ್ಟಳು. ಮುಂದಿನ ಸಾಲಿನಲ್ಲಿ ‘ಹರಸನ ಮಗಳು’ ಇದ್ದಳು. ಅದರ ಕೆಳಗೆ ‘ಹರಳಿದ ಮಲ್ಲಿಗೆ’.

ಈ ಎಡವಟ್ಟು ಮಾಡಿದವಳು ಅವಳೇ. ಮೂಡಿಗೆರೆಯಲ್ಲಿ ಚಂದ್ರಶೇಖರಪ್ಪನವರು ನಡೆಸುವ ಪುಟ್ಟ ಪ್ರಕಾಶನಕ್ಕೆ ಕಾಲೇಜಿನಿಂದ ಇಂಟರ್ನ್‌ಶಿಪ್ಪಿಗೆ ಬಂದಿದ್ದಳು. ಬಣಕಲ್ಲಿನ ಜವರಮ್ಮ ಶಿವನ ಮೇಲೆ ಕಟ್ಟಿದ ಪದ್ಯಗಳನ್ನು ಸಾರ್ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದರು. ಟೈಪಿಸ್ಟ್ ಕೇಳಿಕೊಂಡು ಹೊಡೆದಿದ್ದ. ಎಳೆದು ಹಾಡುವ ದನಿಯಲ್ಲಿ ಹಕಾರ ಅವನ ಕಿವಿಗೆ ಬಿದ್ದಿರಲಿಲ್ಲ. ‘ಹರ ಹರ’ ಎಂಬಲ್ಲೆಲ್ಲ ‘ಅರ ಅರ’ ಎಂದಿತ್ತು. ಒಂದೊಂದಾಗಿ ತಿದ್ದುವುದಕ್ಕೆ ಬೇಸತ್ತು ರಜನಿ, ‘ಅರ’ ಇದ್ದಲ್ಲೆಲ್ಲ ‘ಹರ’ ಮಾಡು ಎಂದು ಕಂಪ್ಯೂಟರಿಗೆ ಒಪ್ಪಿಸಿ, ಹಳೇ ಫೈಲಿನ ಮೇಲೇ ಸೇವ್ ಮಾಡಿ, ಕಾಫಿಗೆ ಎದ್ದು ಹೋಗಿದ್ದಳು.

ಪಕ್ಕದಲ್ಲಿ ಚಂದ್ರಶೇಖರಪ್ಪ ತೂಕಡಿಸುತ್ತಿದ್ದರು. ಎಬ್ಬಿಸಿ ಹೇಳಲೇ ಅಂದುಕೊಂಡಳು. ಆದರೆ ಹೋದ ವರ್ಷ ಅನಿಲ್ ಎಂಬ ಹುಡುಗ ಯಾರದೋ ಕವಿತೆಯ ಒಂದು ಪದವನ್ನು ಚಂದ ಮಾಡಲು ಹೋಗಿದ್ದ. ಅವನಿಗೆ ಕಾಫಿ ಕುಡಿಸಿ, ತಾವೇ ಬಸ್ಸು ಹತ್ತಿಸಿ ಮನೆಗೆ ಕಳಿಸಿದ್ದನ್ನು ಸಾರ್ ನಗುತ್ತಾ ಹೇಳಿದ್ದರು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ದೀಪ ಹಚ್ಚಿ ಪದ್ಯ ಹೇಳಿಕೊಡುತ್ತಿದ್ದ ಅವಳ ಅಜ್ಜಿ, ಅಕ್ಷರ ಜಾರಿದ ಪದ್ಯ ದೇವರ ತನಕ ಮುಟ್ಟುವುದಿಲ್ಲ, ನಡುದಾರಿಯಲ್ಲಿ ದಿಕ್ಕಿಲ್ಲದೆ ಅಲೆಯುತ್ತದೆ ಅನ್ನುತ್ತಿದ್ದರು.

ಜವರಮ್ಮನಿಗೆ ಕಣ್ಣು ಕಾಣದು. ಪ್ರೂಫನ್ನು ಓದಿ ಕೇಳಿಸಬೇಕು, ಅವರು ಹೂಂ ಅಂದರೆ ಇವತ್ತೇ ಅಚ್ಚಿಗೆ ಕೊಡುವುದು ಎಂದು ಮಾತಾಗಿತ್ತು.

ಜಗಲಿಯಲ್ಲಿ ಚಾಪೆ ಹಾಸಿತ್ತು. ಜವರಮ್ಮ ಗೋಡೆಗೊರಗಿ ಕೈಮುಗಿದು ಕೂತರು, ಸಾರ್ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ರಜನಿ ಶುರುಮಾಡಿದಳು. ಕಾಗದದಲ್ಲಿ ಹರಮನೆ, ಬಾಯಲ್ಲಿ ಅರಮನೆ. ಕಾಗದದಲ್ಲಿ ಹರಸ, ಬಾಯಲ್ಲಿ ಅರಸ. ಮುದುಕಿ ತಲೆದೂಗಿದರು.

“ದನಿ ಚೆನ್ನಾಗಿದೆ ಮಾರಾಯ್ರೇ. ಊಟ ಹಾಕಲ್ವಾ ಇವಳಿಗೆ? ನಡುಗ್ತದೆ.”

ಸಾರ್ ನಕ್ಕರು. ರಜನಿಗೂ ಸ್ವಲ್ಪ ಉಸಿರು ಬಂತು. ಹೀಗೇ ಓದಿ ಮುಗಿಸಿದರೆ ಸಾಕು, ಆಫೀಸಿಗೆ ಹೋದೊಡನೆ ಯಾರಿಗೂ ತಿಳಿಯದ ಹಾಗೆ ತಿದ್ದಿಬಿಡುತ್ತೇನೆ ಎಂದುಕೊಂಡು ಹಾಳೆ ಮಗುಚಿದಳು.

ಹರಿವಿನಲಿ ನಿನ ಕಂಡೆನಯ್ಯಾ
ಕರೆದ ಭದ್ರೆಯ ದಡದಲಿ

ಓದುವ ಮೊದಲೇ ನಾಲಿಗೆ ನಿಂತಿತು. ಜವರಮ್ಮ ಶಿವನನ್ನು ಕಂಡದ್ದು ಹೊಳೆಯ ಹರಿವಿನಲ್ಲೋ, ತನ್ನ ಅರಿವಿನಲ್ಲೋ? ಅರ್ಥಕ್ಕೆ ಎರಡೂ ಒಪ್ಪುತ್ತವೆ; ಈ ಹಕಾರ ಜವರಮ್ಮನದೋ, ತಾನು ಸೇರಿಸಿದ್ದೋ ತಿಳಿಯದು. ಪ್ರಾಸ ಹಿಡಿದು ನೋಡೋಣವೆಂದರೆ ಎರಡರಲ್ಲೂ ಎರಡನೇ ಅಕ್ಷರ ಅದೇ ‘ರಿ’. ಮೂಲ ಧ್ವನಿ ಇರುವುದು ಸಾರ್ ಜೇಬಿನ ಫೋನಿನಲ್ಲಿ.

“ಯಾಕೆ ನಿಲ್ಲಿಸಿದ್ರಿ?” ಅಂದರು ಸಾರ್.

ರಜನಿಗೆ ಅಜ್ಜಿಯ ಮಾತು ನೆನಪಾಯಿತು, ಅಲೆಯುವ ಪದ್ಯ ಕಿವಿಯ ಹತ್ತಿರವೇ ಸುಳಿದಂತಾಯಿತು. ಆದಷ್ಟು ಮೆತ್ತಗೆ ಕೇಳಿದಳು.

“ಅಜ್ಜಿ, ಈ ಭದ್ರೆ ದಡದ ಪದ್ಯ ನಿಮ್ಮ ಬಾಯಲ್ಲೇ ಕೇಳ್ಬೇಕು ಅಂತ ಆಸೆ. ಒಂದ್ಸಲ ಹೇಳ್ತೀರಾ?”

ತಲೆ ತೂಗುವುದು ನಿಂತಿತು. ಜವರಮ್ಮ ಕೈಚಾಚಿ ತಡಕಿ, ಅವಳ ಕೈಯಲ್ಲಿದ್ದ ಕಾಗದದ ಅಂಚನ್ನು ಹಿಡಿದರು.

“ಹೇಳಲ್ಲ,” ಅಂದರು. “ಇದ್ರಲ್ಲಿ ಏನು ಬರೆದಿದ್ಯೋ, ಅದನ್ನ ನೀನೇ ಓದು.”